ಮೊದಲ ಕ್ಯಾಮೆರಾ, ಮೂವತ್ತಾರು ಫೋಟೋ

ನನಗೆ ಎಂಟು ವರ್ಷ ಇದ್ದಾಗ ಹೈದರಾಬಾದಿನಿಂದ ಬಂದ ಕಾಕಾ ಒಂದು ರೀಲ್ ಕ್ಯಾಮೆರಾ ತಂದುಕೊಟ್ಟರು. ಕರಿ ಪ್ಲಾಸ್ಟಿಕ್ಕಿನದು, ಸಾಬೂನು ಡಬ್ಬಿಯಷ್ಟು ಹಗುರ. ಎಳ್ಳಮಾವಾಸ್ಯೆಯ ದಿನ ಅದನ್ನು ಕೊರಳಿಗೆ ಹಾಕಿಕೊಂಡು ಕಲಬುರಗಿ ಹತ್ತಿರದ ನಮ್ಮ ಹೊಲಕ್ಕೆ ಹೋದೆ. ಸಂಜೆಯೊಳಗೆ ಮೂವತ್ತಾರೂ ಫೋಟೋ ಮುಗಿದಿದ್ದವು. ಹೇಗೆ ಬಂದಿವೆ ನೋಡಿಯೇ ಬಿಡೋಣ ಅಂತ ಹಿಂದಿನ ಮುಚ್ಚಳ ತೆಗೆದೆ. ಬೆಳಕು ಬಿದ್ದು ರೀಲು ಕೆಟ್ಟಿತು. ಸ್ಟುಡಿಯೋದಲ್ಲಿ ತೊಳೆಸಿದಾಗ ಸುರುಳಿಯ ಒಳಸುತ್ತಿನಲ್ಲಿದ್ದ ಮೊದಲ ಐದು ಮಾತ್ರ ಉಳಿದಿದ್ದವು. ಅವುಗಳ ಅಂಚಿಗೂ ಬೆಂಕಿ ತಗುಲಿದಂಥ ಕಿತ್ತಳೆ ಬಣ್ಣ.

ಆ ಐದರಲ್ಲಿ ಒಂದು ನಮ್ಮ ಮುತ್ಯಾನದು. ಬಂಡಿಯ ಪಕ್ಕ ನಿಂತು ಸಜ್ಜಿ ರೊಟ್ಟಿಯ ಗಂಟು ಕಟ್ಟುತ್ತಿರುವ ಕೈ. ಮುಖ ಇಲ್ಲ. "ಮುತ್ಯಾನ ತಲಿ ಎಲ್ಲದ?" ಅಂತ ಮನೆಯವರೆಲ್ಲ ಕೇಳಿದರು. ನನ್ನ ಎತ್ತರಕ್ಕೆ ಕಂಡದ್ದು ಕೈ. ಕುಡುಗೋಲು ತಾಗಿ ಸೊಟ್ಟಗಾದ ಕಿರುಬೆರಳು ಅದರಲ್ಲಿ ಎದ್ದು ಕಾಣುತ್ತದೆ. ಗೋಡೆಗೆ ತೂಗು ಹಾಕಿರುವ ಸ್ಟುಡಿಯೋ ಫೋಟೋದಲ್ಲಿ ಮುತ್ಯಾ ಯಾರದೋ ಕೋಟು ತೊಟ್ಟು ಕೂತಿದ್ದಾರೆ. ಆ ಬೆರಳು ಅಲ್ಲಿ ಇಲ್ಲ.

ಈಗ ನಾವಿರುವುದು ಬೀದರಿನಲ್ಲಿ. ನನ್ನ ಮಗಳಿಗೆ ಎಂಟು ವರ್ಷ. ಆರು ತುಂಬಿದಾಗಲೇ ಅವಳ ಕೈಗೆ ಕ್ಯಾಮೆರಾ ಕೊಟ್ಟೆ. ಈ ಎರಡು ವರ್ಷದಲ್ಲಿ ಅವಳಿಂದಲೂ ಓಣಿಯ ಅವಳ ಜೊತೆಗಾರರಿಂದಲೂ ನಾನು ಕಲಿತದ್ದನ್ನು, ಐದರಿಂದ ಹತ್ತು ವರ್ಷದ ಮಕ್ಕಳಿರುವ ಮನೆಯವರಿಗಾಗಿ ಕ್ರಮವಾಗಿ ಬರೆಯುತ್ತಿದ್ದೇನೆ. ಎಲ್ಲ ಹೆಜ್ಜೆಗಳ ಹಿಂದೆಯೂ ಇರುವ ಮಾತು ಒಂದೇ: ಮಗು ತನ್ನ ಎತ್ತರದಿಂದ ಕಂಡದ್ದನ್ನು ತೆಗೆಯಲಿ, ತಲೆ ಎಲ್ಲಿ ಅಂತ ಕೇಳಬೇಡಿ.

ಮೊದಲ ಹೆಜ್ಜೆ: ಕತ್ತಲ ಕೋಣೆ

ಕ್ಯಾಮೆರಾ ಕೊಳ್ಳುವ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಬೇಸಿಗೆಯಲ್ಲಿ ನಮ್ಮ ಕಡೆ ಹನ್ನೊಂದು ಗಂಟೆಗೇ ಕಿಟಕಿ ಬಾಗಿಲು ಹಾಕಿ ಒಳಗೆ ಕೂರುವುದು ಇದ್ದದ್ದೇ. ಬಿಸಿಲು ಬಿದ್ದ ಓಣಿಯ ಕಡೆ ಮುಖ ಇರುವ ಒಂದು ಕೋಣೆ ಆರಿಸಿ. ಕಿಟಕಿಗೆ ದಪ್ಪ ರಟ್ಟು ಅಂಟಿಸಿ, ಸಂದಿಗಳಿಗೆ ಹಳೆ ಚಾದರ ತುರುಕಿ, ಪೂರ್ತಿ ಕತ್ತಲು ಮಾಡಿ. ರಟ್ಟಿನ ನಡುವೆ ಪೆನ್ಸಿಲ್ ತೂರುವಷ್ಟು ಒಂದು ತೂತು ಮಾಡಿ. ಅದರಿಂದ ಮೂರು ನಾಲ್ಕು ಅಡಿ ದೂರದಲ್ಲಿ ಬಿಳಿ ಧೋತರ ಹಿಡಿದು ಇಬ್ಬರು ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಐದು ನಿಮಿಷ ಬೇಕು, ಅಲ್ಲಿಯವರೆಗೆ ಏನೂ ಕಾಣಲಿಲ್ಲ ಅಂತ ಕೈಬಿಡಬೇಡಿ.

ನಿಧಾನಕ್ಕೆ ಧೋತರದ ಮೇಲೆ ಓಣಿ ಇಳಿಯುತ್ತದೆ. ಎದುರು ಮನೆ ತಲೆಕೆಳಗು, ಬೇವಿನ ಗಿಡದ ಬುಡ ಮೇಲೆ, ಸೈಕಲ್ ಮೇಲೆ ಹೋಗುವವರು ಮಾಳಿಗೆಗೆ ಅಂಟಿಕೊಂಡು ಜಾರಿದಂತೆ. ಎಲ್ಲಕ್ಕೂ ಅವುಗಳದೇ ಬಣ್ಣ. ನನ್ನ ಮಗಳು ಇದನ್ನು ನೋಡಿದವಳೇ ಹೊರಗೆ ಓಡಿದಳು. ಬಿಸಿಲಲ್ಲಿ ನಿಂತು ಜಿಗಿಯುತ್ತಾ ಕೂಗಿದಳು, "ಅವ್ವಾ, ನಾ ಕಾಣ್ಲತ್ತೀನೇನು?"

"ಕಾಣ್ಲತ್ತಿ. ಕಾಲು ಮ್ಯಾಲ, ತಲಿ ತೆಳಗ."

ಆಮೇಲೆ ಗೆಳತಿಯನ್ನು ಹೊರಗೆ ಕುಣಿಸಿ ತಾನು ಒಳಗೆ ಕೂತಳು. ಬೆಳಕು ನೇರವಾಗಿಯೇ ಹೋಗುತ್ತದೆ, ಗಿಡದ ತುದಿಯಿಂದ ಬಂದದ್ದು ತೂತಿನ ಮೂಲಕ ಇಳಿದು ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಹತ್ತಿ ಮೇಲೆ ಬೀಳುತ್ತದೆ ಅಂತ ಒಂದು ದಾರ ಹಿಡಿದು ತೋರಿಸಿದೆ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದೂ ಹೀಗೆಯೇ. ಕ್ಯಾಮೆರಾ ಅನ್ನುವ ಪದಕ್ಕೆ ಲ್ಯಾಟಿನ್ನಿನಲ್ಲಿ ಕೋಣೆ ಎಂದೇ ಅರ್ಥ. ಈ ಕೋಣೆಯೊಳಗೆ ಅರ್ಧ ಗಂಟೆ ಕೂತು ಬಂದ ಮಗುವಿಗೆ ಕ್ಯಾಮೆರಾ ಒಂದು ಗುಂಡಿ ಇರುವ ಆಟಿಕೆಯಾಗಿ ಉಳಿಯುವುದಿಲ್ಲ. ದಯವಿಟ್ಟು ಈ ಹೆಜ್ಜೆ ಬಿಡಬೇಡಿ, ಇದಕ್ಕೆ ಖರ್ಚೂ ಇಲ್ಲ.

ಎರಡನೆಯದು: ಯಾವ ಕ್ಯಾಮೆರಾ

1900ರಲ್ಲಿ ಅಮೆರಿಕದ ಕೊಡಾಕ್ ಕಂಪನಿ ಬ್ರೌನಿ ಅನ್ನುವ ರಟ್ಟಿನ ಡಬ್ಬಿ ಕ್ಯಾಮೆರಾ ತಂದು ಒಂದು ಡಾಲರಿಗೆ ಮಾರಿತು. ಮಕ್ಕಳು ಫೋಟೋ ತೆಗೆಯಬಹುದು ಅನ್ನುವುದು ಜಗತ್ತಿಗೆ ರೂಢಿಯಾದದ್ದು ಅಲ್ಲಿಂದ. ಅದರಲ್ಲಿ ಫೋಕಸ್ ತಿರುಗಿಸುವುದು ಇರಲಿಲ್ಲ, ಒಂದು ಲೆನ್ಸು, ಫೋಟೋ ತೆಗೆಯಲು ಒಂದು ಸನ್ನೆಕೋಲು. ಇವತ್ತಿಗೂ ಮೊದಲ ಕ್ಯಾಮೆರಾ ಅಷ್ಟೇ ಸರಳ ಇರಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ಮೊದಲ ಆಯ್ಕೆ, ಅಲ್ಮಾರಿಯಲ್ಲಿ ಬಿದ್ದಿರುವ ಹಳೆಯ ಡಿಜಿಟಲ್ ಪಾಕೆಟ್ ಕ್ಯಾಮೆರಾ. ಫೋನಿನಲ್ಲೇ ಒಳ್ಳೆ ಫೋಟೋ ಬರತೊಡಗಿದ ಮೇಲೆ ಅವನ್ನು ಎಷ್ಟೋ ಮನೆಗಳಲ್ಲಿ ಡ್ರಾಯರಿಗೆ ಸೇರಿಸಿಬಿಟ್ಟಿದ್ದಾರೆ. ಹೊರಗೆ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಬೇರೆ ತನ್ನಿ. ಲೆನ್ಸು ಕರಕರ ಅನ್ನದೆ ಹೊರಬಂದು ಒಳಹೋಗಬೇಕು. ಬ್ಯಾಟರಿ ಬಾಗಿಲಿನ ಕೊಂಡಿ ಗಟ್ಟಿ ಇರಬೇಕು. ತೀರ ಹಳೆಯ ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡನ್ನು ಓದುವುದಿಲ್ಲ, ಹಾಗಾಗಿ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳುವ ಮೊದಲು ಸಣ್ಣ ಕಾರ್ಡ್ ಹಾಕಿ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಚಾರ್ಜರ್ ಜೊತೆಯಲ್ಲಿ ಇಲ್ಲದ ಕ್ಯಾಮೆರಾ ಬೇಡ.

ಹಳೆಯ ಸ್ಮಾರ್ಟ್‌ಫೋನ್ ಎರಡನೇ ದಾರಿ. ಸಿಮ್ ತೆಗೆದು, ಇಂಟರ್ನೆಟ್ ಮುಚ್ಚಿ, ಕ್ಯಾಮೆರಾ ಬಿಟ್ಟು ಉಳಿದ ಆಪ್‌ಗಳನ್ನೆಲ್ಲ ಅಳಿಸಿ ಕೊಡಿ. ಮುಖ ನುಣುಪು ಮಾಡುವ ಬ್ಯೂಟಿ ಮೋಡ್ ಮೊದಲು ಆಫ್ ಮಾಡಿ. ಅಜ್ಜಿಯ ಮುಖದ ಸುಕ್ಕನ್ನು ಫೋನು ಒರೆಸಿಹಾಕಿದರೆ ಮಗು ನೋಡಿದ್ದು ಫೋಟೋದಲ್ಲಿ ಇರುವುದಿಲ್ಲ. ಫೋನಿನ ತೊಂದರೆ ಎಂದರೆ, ಮಗುವಿಗೆ ಅದು ಕಾರ್ಟೂನು ಮತ್ತು ಆಟದ ವಸ್ತುವೂ ಹೌದು. ಮನಸ್ಸು ಆ ಕಡೆ ಎಳೆಯುತ್ತಲೇ ಇರುತ್ತದೆ.

ಆನ್‌ಲೈನಿನಲ್ಲಿ ಸಿಗುವ ಬಣ್ಣಬಣ್ಣದ ಮಕ್ಕಳ ಕ್ಯಾಮೆರಾಗಳ ಡಬ್ಬಿಯ ಮೇಲೆ ದೊಡ್ಡ ದೊಡ್ಡ ಮೆಗಾಪಿಕ್ಸೆಲ್ ಸಂಖ್ಯೆ ಬರೆದಿರುತ್ತಾರೆ. ಸಾಮಾನ್ಯವಾಗಿ ಅದು ಸಣ್ಣ ಚಿತ್ರವನ್ನು ಹಿಗ್ಗಿಸಿ ಹೇಳಿದ ಲೆಕ್ಕ. ಮನೆಯೊಳಗೆ ತೆಗೆದರೆ ಮಸುಕು. ಆದರೂ ಐದು ವರ್ಷದ ಮಗುವಿಗೆ, ದಿನಕ್ಕೆ ನಾಲ್ಕು ಸಲ ಬೀಳಿಸುವ ಕೈಗೆ, ಅದು ಪರವಾಗಿಲ್ಲ. ಲೆನ್ಸು ಬದಲಿಸುವ ದೊಡ್ಡ ಡಿಎಸ್ಎಲ್ಆರ್ ಕ್ಯಾಮೆರಾ ಬೇಡವೇ ಬೇಡ, ಕೊರಳಿಗೆ ಭಾರ. ರೀಲ್ ಕ್ಯಾಮೆರಾ ಹತ್ತು ದಾಟಿದ ಮೇಲೆ ನೋಡೋಣ.

ಕೊಡುವ ದಿನ

ಹುಟ್ಟುಹಬ್ಬಕ್ಕೆ ಕೊಡಬೇಡಿ. ನೆಂಟರೆಲ್ಲ ಸುತ್ತ ನಿಂತು "ನಂದೊಂದು ತೆಗಿ, ನಂದೊಂದು ತೆಗಿ" ಅನ್ನುತ್ತಾರೆ, ಮೊದಲ ದಿನವೇ ಮಗು ಬೇರೆಯವರ ಮಾತಿನಂತೆ ಫೋಟೋ ಹೊಡೆಯುವ ಕೆಲಸಕ್ಕೆ ಬೀಳುತ್ತದೆ. ಯಾವುದಾದರೂ ಒಂದು ಸಾದಾ ಬೆಳಿಗ್ಗೆ ಸಾಕು.

ಆ ದಿನ ಹೇಳಿಕೊಡಬೇಕಾದದ್ದು ಬಹಳ ಕಡಿಮೆ. ದಾರವನ್ನು ಮಣಿಕಟ್ಟಿಗೆ ಹಾಕು. ಸಣ್ಣ ಮಕ್ಕಳಿಗೆ ಕೊರಳ ದಾರ ಬೇಡ, ಗೇಟಿಗೋ ಜೋಕಾಲಿಗೋ ಸಿಕ್ಕಿಕೊಂಡರೆ ಅಪಾಯ. ಎರಡೂ ಕೈಯಲ್ಲಿ ಹಿಡಿ, ಮೊಣಕೈ ಪಕ್ಕೆಗೆ ಅಂಟಲಿ. ಗುಂಡಿಯನ್ನು ಅರ್ಧ ಒತ್ತು, ಬೀಪ್ ಅಂದಮೇಲೆ ಪೂರ್ತಿ ಒತ್ತು. ಸೂರ್ಯನಿಗೆ ಗುರಿ ಇಡಬೇಡ. ಇಷ್ಟೇ. ಫ್ಲ್ಯಾಶ್ ನೀವೇ ಆಫ್ ಮಾಡಿಡಿ. ಜೂಮ್ ಗುಂಡಿಯನ್ನು ಮುಟ್ಟಬೇಡ ಅನ್ನಿ. ಹತ್ತಿರ ಬೇಕಾದರೆ ಹತ್ತಿರ ನಡೆಯುವುದನ್ನು ಕಲಿಯಲಿ. ತೀರ ಹತ್ತಿರ ಹೋದಾಗ ಫೋಟೋ ಮಂಜಾಗುತ್ತದೆ, ಆಗ ಹೂವಿನ ಗುರುತಿರುವ ಮೋಡ್ ತೋರಿಸಬಹುದು.

ಆಮೇಲೆ ನೀವು ಅಡುಗೆಮನೆಗೆ ಹೋಗಿ. ಹಿಂದೆ ಹಿಂದೆ ತಿರುಗಬೇಡಿ.

ವಾರಕ್ಕೊಂದು ರೀಲು

ಡಿಜಿಟಲ್ ಕ್ಯಾಮೆರಾಕ್ಕೆ ಮಿತಿ ಇಲ್ಲ. ಮೊದಲ ದಿನ ನನ್ನ ಮಗಳು ನಾಲ್ಕುನೂರು ಫೋಟೋ ತೆಗೆದಳು, ಅದರಲ್ಲಿ ಇನ್ನೂರಕ್ಕೂ ಹೆಚ್ಚು ಫ್ಯಾನಿನವು. ಮೊದಲ ವಾರ ಹಾಗೇ ಬಿಡಿ, ಹೊಟ್ಟೆ ತುಂಬಲಿ. ಎರಡನೇ ವಾರದಿಂದ ಒಂದು ನಿಯಮ ತನ್ನಿ: ವಾರಕ್ಕೆ ಮೂವತ್ತಾರು. ನಮ್ಮ ಕಾಲದ ಒಂದು ರೀಲು. ರಟ್ಟಿನ ಮೇಲೆ ಮೂವತ್ತಾರು ಚೌಕ ಬರೆದು ಕೊಡಿ, ಒಂದೊಂದು ಫೋಟೋಕ್ಕೆ ಒಂದೊಂದು ಗೀಟು ಹಾಕಲಿ. ಇನ್ನೊಂದು ನಿಯಮ, ಅಳಿಸುವಂತಿಲ್ಲ. ತೆಗೆದದ್ದು ತೆಗೆದದ್ದೇ.

ಈ ಎರಡು ನಿಯಮ ಸೇರಿದಾಗ ಆಗುವ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಮಗು ಕ್ಯಾಮೆರಾ ಎತ್ತುವ ಮೊದಲು ನಿಲ್ಲಲು ಶುರು ಮಾಡುತ್ತದೆ. ನನ್ನ ಮಗಳು ಅಂಗಳದ ಶಹಾಬಾದ್ ಪರಸಿಯ ಮೇಲೆ ಕುಕ್ಕುರುಗಾಲಲ್ಲಿ ಕೂತು, ಇರುವೆಯೊಂದು ಜೋಳದ ನುಚ್ಚು ಎಳೆದುಕೊಂಡು ಕಲ್ಲಿನ ಸಂದಿ ದಾಟುವುದನ್ನು ಹತ್ತು ನಿಮಿಷ ಕಾದು, ಒಂದೇ ಒಂದು ತೆಗೆದಳು. ಇರುವೆ ಸರಿಯಾಗಿ ಕಾಣಲೂ ಇಲ್ಲ. ಆದರೆ ಆ ಹತ್ತು ನಿಮಿಷ ಅವಳು ನೋಡುತ್ತಿದ್ದಳು, ನನಗೆ ಬೇಕಾಗಿದ್ದದ್ದು ಅದೇ.

ಏನು ತೆಗೆಯಲಿ ಅಂತ ಮಗು ಕೇಳಿದರೆ ವಾರಕ್ಕೊಂದು ಮಾತು ಕೊಡಿ. ನೆರಳು. ಕೆಂಪು. ಗುಂಡಗಿರುವುದು. ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಆದದ್ದು "ಕಾಲು" ವಾರ: ಕೊಟ್ಟಿಗೆಯಲ್ಲಿ ಎಮ್ಮೆಯ ಗೊರಸು, ರೊಟ್ಟಿ ಬಡಿಯುತ್ತ ಕೂತ ಆಯಿಯ ಮಡಚಿದ ಪಾದ, ಬಸ್ಸಿನ ಮೆಟ್ಟಿಲ ಮೇಲೆ ಯಾರದೋ ಹರಿದ ಚಪ್ಪಲಿ, ಗುಡಿಯ ಹೊರಗೆ ಸಾಲಾಗಿ ಬಿಟ್ಟ ಬೂಟುಗಳು. ದೊಡ್ಡವರಿಗೆ ಹೀಗೆ ತೋಚುವುದು ಕಷ್ಟ, ನಮ್ಮ ಕಣ್ಣು ಸದಾ ಮುಖದ ಎತ್ತರದಲ್ಲೇ ಇರುತ್ತದೆ.

ಫ್ರಾನ್ಸಿನಲ್ಲಿ 1894ರಲ್ಲಿ ಹುಟ್ಟಿದ ಝಾಕ್ ಆನ್ರಿ ಲಾರ್ತೀಗ್ ಎಂಬವರಿಗೆ ಏಳೆಂಟನೇ ವಯಸ್ಸಿಗೆ ಅಪ್ಪ ಕ್ಯಾಮೆರಾ ಕೊಟ್ಟರು. ಆ ಹುಡುಗ ತೆಗೆದದ್ದು ಮನೆಯವರ ಆಟಪಾಟ: ಅಣ್ಣನ ಸಾಹಸಗಳು, ಮೆಟ್ಟಿಲ ಮೇಲಿಂದ ಹಾರುವ ಸಂಬಂಧಿ ಹುಡುಗಿ, ಓಡುವ ಕಾರುಗಳು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಾಗ ಅವರಿಗೆ 69 ವರ್ಷ. ಆ ಹೊತ್ತಿಗೆ ಅವರು ಎಷ್ಟೋ ಚಿತ್ರ ಬರೆದಿದ್ದರು, ಎಷ್ಟೋ ಫೋಟೋ ತೆಗೆದಿದ್ದರು. ಆದರೂ ಜನ ಇವತ್ತಿಗೂ ನೆನೆಯುವುದು ಹೆಚ್ಚಾಗಿ ಆ ಹುಡುಗನ ಫೋಟೋಗಳನ್ನೇ.

ಬೆಳಕಿನ ಪಾಠ, ಬೇವಿನ ಗಿಡದ ಕೆಳಗೆ

ಐಎಸ್‌ಒ, ಅಪರ್ಚರ್ ಅನ್ನುವ ಮಾತೆಲ್ಲ ಈ ವಯಸ್ಸಿಗೆ ಬೇಡ. ಒಂದೇ ಬೇವಿನ ಗಿಡವನ್ನು ಒಂದೇ ಜಾಗದಲ್ಲಿ ನಿಂತು ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ, ಸಂಜೆ ಐದೂವರೆಗೆ ತೆಗೆಸಿ, ಮೂರನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ನಮ್ಮ ಕಡೆಯ ನಡುಹಗಲ ಬಿಸಿಲಿಗೆ ಮುಖದ ಮೇಲೆ ಕಣ್ಣಿನ ಗುಳಿ ಕರ್ರಗಾಗುತ್ತದೆ, ಬಿಳಿ ಗೋಡೆ ಕಣ್ಣು ಕುಕ್ಕುತ್ತದೆ. ಮಧ್ಯಾಹ್ನ ತೆಗೆಯಲೇಬೇಕಿದ್ದರೆ ಹೊಸ್ತಿಲು ಬಳಸಿ. ಫೋಟೋದಲ್ಲಿ ಇರಬೇಕಾದವರು ಬಾಗಿಲ ಒಳಗೆ ಎರಡು ಹೆಜ್ಜೆ ಹಿಂದೆ, ಹೊರಗೆ ಮುಖ ಮಾಡಿ ಕೂರಲಿ. ಅಂಗಳದ ಪರಸಿಗೆ ಬಿದ್ದ ಬಿಸಿಲು ಮೆತ್ತಗಾಗಿ ಮುಖಕ್ಕೆ ಏರಿ ಬರುತ್ತದೆ. ಸ್ಟುಡಿಯೋದ ದೀಪಕ್ಕಿಂತ ಹೊಸ್ತಿಲಿನ ಈ ಬೆಳಕು ನನಗೆ ಇಷ್ಟ.

ಇನ್ನೊಂದು ಪಾಠಕ್ಕೆ ಬೀದರಿನವರ ಷೋಕೇಸಿನಲ್ಲೇ ಸಾಮಾನು ಇರುತ್ತದೆ. ಒಂದು ಬಿದ್ರಿ ಹೂದಾನಿಯನ್ನು ಹತ್ತಿರದಿಂದ ತೆಗೆಸಿ. ಕಣ್ಣಿಗೆ ಅದು ಕಾಡಿಗೆಗಪ್ಪು, ಫೋಟೋದಲ್ಲಿ ಬೂದಿಗಪ್ಪು, ಬೆಳ್ಳಿಯ ಕೆಲಸವಂತೂ ಸುಟ್ಟಂತೆ ಬೆಳ್ಳಗೆ. ಕ್ಯಾಮೆರಾ ಎಲ್ಲವನ್ನೂ ನಡುವಣ ಬೂದುಬಣ್ಣಕ್ಕೆ ಎಳೆಯಲು ನೋಡುತ್ತದೆ, ಅದಕ್ಕೇ ಕಪ್ಪು ತುಂಬಿದ ಚಿತ್ರವನ್ನು ಬೇಡದಷ್ಟು ಬೆಳಗಿಸಿಬಿಡುತ್ತದೆ. ಫೋನಾದರೆ ಪರದೆಯ ಮೇಲೆ ಬೆರಳಿಟ್ಟು ಕೆಳಕ್ಕೆ ಎಳೆದರೆ ಬೆಳಕು ಇಳಿಯುತ್ತದೆ. ಕ್ಯಾಮೆರಾದಲ್ಲಿ ಪ್ಲಸ್ ಮೈನಸ್ ಗುರುತಿನ ಗುಂಡಿಯಲ್ಲಿ ಮೈನಸ್ ಕಡೆ ಒತ್ತಿ. ಕಪ್ಪು ಕಪ್ಪಾಗಿ ಬಂದ ಕ್ಷಣ ಮಗುವಿಗೆ ತಾನೇ ಹೊಸದೊಂದನ್ನು ಕಂಡುಹಿಡಿದಷ್ಟು ಖುಷಿ.

ಊರು ತಿರುಗುವುದು

ಮನೆ, ಓಣಿ ಮುಗಿದ ಮೇಲೆ ಹೊರಗೆ. ಪುರಾತತ್ವ ಇಲಾಖೆ ಟಿಕೆಟ್ ಇಟ್ಟಿರುವ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಟ್ರೈಪಾಡ್ ಒಯ್ಯಬೇಡಿ, ಅದಕ್ಕೆ ಅನುಮತಿ ಬೇಕು. ಬೀದರಿನಲ್ಲಿ ವಾಯುಪಡೆ ನೆಲೆಯ ಕಡೆ ಕ್ಯಾಮೆರಾ ತೋರಿಸಬಾರದು ಅನ್ನುವುದನ್ನು ಮಗುವಿಗೆ ಮೊದಲೇ ಹೇಳಿ. ಕಲಬುರಗಿಯ ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬೀದರಿನ ನಾನಕ್ ಝೀರಾ ಗುರುದ್ವಾರ ಇಂಥ ಕಡೆ ಒಳಗೆ ತೆಗೆಯಬಹುದೇ ಅಂತ ಅಲ್ಲಿಯವರನ್ನು ಕೇಳಿಯೇ ತೆಗೆಯಬೇಕು.

ಬೀದರಿನಲ್ಲಿ ನಾನು ಮೊದಲು ಕರೆದೊಯ್ಯುವುದು 1472ರ ಮಹಮೂದ್ ಗವಾನ್ ಮದರಸಾಕ್ಕೆ. ಅದರ ಮುಖ ಪೂರ್ವಕ್ಕಿದೆ, ಹಾಗಾಗಿ ಬೆಳಿಗ್ಗೆ ಹೋಗಬೇಕು. ಎದುರಿನ ಎರಡು ಮಿನಾರುಗಳಲ್ಲಿ ಉಳಿದದ್ದು ಒಂದೇ. ಅದರ ಮೈಮೇಲೆ ಅಲ್ಲಲ್ಲಿ ಉಳಿದ ನೀಲಿ, ಹಸಿರು ಹೆಂಚಿನ ತುಣುಕುಗಳಿಗೆ ಎಳೆಬಿಸಿಲು ತಾಗಿದಾಗ ಬಣ್ಣ ಏಳುತ್ತದೆ. ನಾವು ದೊಡ್ಡವರು ಹಿಂದೆ ಹಿಂದೆ ಸರಿದು ಇಡೀ ಕಟ್ಟಡ ಹಿಡಿಸಲು ಒದ್ದಾಡುತ್ತೇವೆ. ಮಕ್ಕಳು ಗೋಡೆಗೆ ಮೂಗು ತಾಗಿಸಿ ಒಂದು ಹೆಂಚನ್ನು ತೆಗೆಯುತ್ತಾರೆ. ಬಿಡಿ.

ಅಲಿ ಬರೀದನ ಗುಮ್ಮಟ ಸಂಜೆಗೆ ಚೆನ್ನ. ನಾಲ್ಕೂ ಕಡೆ ಕಮಾನು ತೆರೆದಿರುವುದರಿಂದ ಒಳಗೆ ನಿಂತರೆ ಪ್ರತಿ ಕಮಾನೂ ಒಂದು ಚೌಕಟ್ಟು. ಒಂದರಲ್ಲಿ ಆಕಾಶ, ಒಂದರಲ್ಲಿ ಆಡುವ ಮಕ್ಕಳು. ಚೌಕಟ್ಟು ಎಂದರೇನು ಅಂತ ಬಾಯಲ್ಲಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಅಷ್ಟೂರಿನ ಗುಮ್ಮಟಗಳಿಗೆ ಹೋದರೆ, ಅಹ್ಮದ್ ಶಾಹ ವಲಿಯ ಗೋರಿಯೊಳಗಿನ ವರ್ಣಚಿತ್ರಗಳ ಮುಂದೆ ಫ್ಲ್ಯಾಶ್ ಹಾಕಬಾರದು. ಅಲ್ಲಿ ಫೋಟೋಕ್ಕಿಂತ ಕಣ್ಣನ್ನು ಕತ್ತಲಿಗೆ ಒಗ್ಗಿಸಿ ಸುಮ್ಮನೆ ತಲೆ ಎತ್ತಿ ನೋಡುವುದೇ ಒಳ್ಳೆಯದು.

ಕಲಬುರಗಿಯವರಿಗೆ ಕೋಟೆಯೊಳಗಿನ ಜಾಮಿ ಮಸೀದಿ ಇದೆ, 1367ರದು. ಸಾಮಾನ್ಯವಾಗಿ ಮಸೀದಿಗೆ ಇರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಳಿಗೆ. ಬದಿಯಿಂದ ಬರುವ ಬೆಳಕು ಕಮಾನಿನ ಮೇಲೆ ಕಮಾನು ದಾಟಿ ಒಳಕ್ಕೆ ಹೋದಂತೆ ತೆಳ್ಳಗಾಗುತ್ತದೆ.

ಆದರೆ ನೋಟದ ಬಗ್ಗೆ ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸುವ ಜಾಗ ಯಾದಗಿರಿ ಜಿಲ್ಲೆಯ ಶಹಾಪುರ. ಅಲ್ಲಿಯ ಗುಡ್ಡಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ: ಹಣೆ, ಮೂಗು, ಎದೆ. ಮಗುವಿಗೆ ಆ ಜಾಗದಿಂದ ಒಂದು ಫೋಟೋ ತೆಗೆಯಲು ಹೇಳಿ, ಆಮೇಲೆ ನಡೆಯುತ್ತ ಹೋಗಿ ಮತ್ತೆ ಮತ್ತೆ ತೆಗೆಸಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೂಗು ಕರಗಿ ಬರಿ ಬಂಡೆಯಾಗುತ್ತದೆ. "ಬುದ್ಧ ಎಲ್ಲಿ ಹೋದ?" ಅಂತ ಮಗಳು ಕೇಳಿದಳು. ವಾಪಸು ನಡೆದು ಬುದ್ಧನನ್ನು ಹುಡುಕಿದೆವು. ಎಲ್ಲಿ ನಿಲ್ಲುತ್ತೀವಿ ಅನ್ನುವುದೇ ಫೋಟೋ ಎಂದು ಅವಳಿಗೆ ಆ ದಿನ ಗೊತ್ತಾಯಿತು.

ಕೇಳಿ ತೆಗೆಯುವುದು

ಇದೊಂದನ್ನು ಮಾತ್ರ ಕಟ್ಟುನಿಟ್ಟಾಗಿ ಕಲಿಸಿ. ಮನುಷ್ಯರ ಫೋಟೋ ತೆಗೆಯುವ ಮೊದಲು ಕೇಳಬೇಕು. ಬೇಡ ಅಂದರೆ ಕ್ಯಾಮೆರಾ ಇಳಿಸಿ "ಆಯ್ತ್ರಿ" ಅನ್ನಬೇಕು. ತೆಗೆದ ಮೇಲೆ ಅವರಿಗೆ ತೋರಿಸಬೇಕು. ಮಕ್ಕಳು ಕೇಳಿದರೆ ನಮ್ಮ ಜನ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ, ಅದಕ್ಕೇ ಈ ನಡತೆ ಮೊದಲೇ ಬರಬೇಕು.

ಬೀದರಿನ ಚೌಬಾರಾದಿಂದ ಅಷ್ಟು ದೂರವಿಲ್ಲದ ಒಂದು ಓಣಿಯಲ್ಲಿ ಬಿದ್ರಿ ಕೆಲಸದ ಅಂಗಡಿ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ತಟ್ಟೆಗೆ ಮೈಲುತುತ್ತ ಸವರಿ, ಅದರ ಮೇಲೆ ಬಳ್ಳಿ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದರು ಒಬ್ಬ ಹಿರಿಯರು. ಮಗಳು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಮೆಲ್ಲಗೆ, "ಚಾಚಾ, ಫೋಟೋ ತೆಗೀಲೇನ್ರಿ?"

"ತೆಗಿ ಬೇಟಿ. ಆದ್ರ ಕೈ ಕರ್ರಗವ ನೋಡು."

"ನಂಗ ಅದೇ ಬೇಕ್ರಿ."

ಅವಳು ಮೂರು ತೆಗೆದಳು. ಕೊನೆಗೆ ಕಪ್ಪು ಹಿಡಿಸುವ ಕೆಲಸವನ್ನೂ ಅವರು ತೋರಿಸಿದರು. ಕೋಟೆಯ ಹಳೆ ಮಣ್ಣು, ನವಸಾಗರ ಸೇರಿಸಿ ಕಾಸಿದ ನೀರಿನಲ್ಲಿ ತಟ್ಟೆ ಅದ್ದಿ ತೆಗೆದಾಗ ಲೋಹ ಕಪ್ಪಾಯಿತು, ಬೆಳ್ಳಿ ಹಾಗೇ ಹೊಳೆಯಿತು. ಮಗಳು ಆಗ ಕ್ಯಾಮೆರಾ ಎತ್ತಲೇ ಇಲ್ಲ, ಬಾಯಿ ತೆರೆದು ನೋಡುತ್ತ ನಿಂತಳು. ಯಾಕೆ ತೆಗೆಯಲಿಲ್ಲ ಅಂತ ನಾನು ಕೇಳಲಿಲ್ಲ.

ಧೂಳು, ಬಿಸಿಲು, ಕೂಲರ್

ಎರೆಹೊಲದ ಧೂಳು, ಬೀದರಿನ ಕೆಂಪು ಮಣ್ಣು ಎರಡೂ ಲೆನ್ಸಿಗೆ ಕೆಟ್ಟವು. ಸೆರಗಿನಿಂದ ಒರೆಸಬೇಡಿ, ಧೂಳಿನ ಕಣ ಗಾಜನ್ನು ಗೀರುತ್ತದೆ. ಮೊದಲು ಗಾಳಿಯ ರಬ್ಬರ್ ಬಲ್ಬಿನಿಂದ ಊದಿ, ಆಮೇಲೆ ಒಗೆದು ಒಗೆದು ಮೆತ್ತಗಾದ ಧೋತರದ ತುಂಡಿನಲ್ಲಿ ಮೆಲ್ಲಗೆ ಒರೆಸಿ. ತೊಗರಿ ರಾಶಿ ಮಾಡುವ ಕಣಕ್ಕೆ ಹೋದಾಗ ಕ್ಯಾಮೆರಾ ಚೀಲದಲ್ಲೇ ಇರಲಿ, ಬೇಕಾದಾಗ ತೆಗೆದು ಮತ್ತೆ ಒಳಗಿಡಿ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಕಾರಿನೊಳಗೆ ಕ್ಯಾಮೆರಾ ಬಿಡುವುದು ಬ್ಯಾಟರಿಗೆ ಅಪಾಯ. ಮನೆಯಲ್ಲಿ ಕೂಲರಿನ ಎದುರಿಗೂ ಇಡಬೇಡಿ. ಅದರ ಗಾಳಿಯಲ್ಲಿ ನೀರಿನಂಶ ಇರುತ್ತದೆ, ಲೆನ್ಸಿನೊಳಗೆ ಬೂಸರು ಹಿಡಿಯುತ್ತದೆ. ಮಗು ಬೀಳಿಸಿದರೆ ಬೈಯಬೇಡಿ. ಬೈಸಿಕೊಂಡ ಮಗು ಕ್ಯಾಮೆರಾವನ್ನು ಅಲ್ಮಾರಿಯಲ್ಲಿಟ್ಟು ಮತ್ತೆ ಮುಟ್ಟುವುದೇ ಇಲ್ಲ, ನಮ್ಮ ಓಣಿಯಲ್ಲೇ ಹಾಗಾದದ್ದನ್ನು ಕಂಡಿದ್ದೇನೆ.

ಭಾನುವಾರದ ಸಂಜೆ

ಮೂವತ್ತಾರು ಮುಗಿದ ಮೇಲೆ ಒಟ್ಟಿಗೆ ಕೂತು ನೋಡಿ. ಟಿವಿಗೆ ಹಾಕಿದರೆ ಮನೆಯವರೆಲ್ಲ ನೋಡಬಹುದು. ನೋಡುವಾಗ ದೊಡ್ಡವರಿಗೆ ಎರಡೇ ಮಾತಿಗೆ ಅವಕಾಶ: "ಇಲ್ಲೇನು ನೋಡಿದಿ?" ಮತ್ತು "ಆಮ್ಯಾಲೇನಾಯ್ತು?" ಚೆಂದ ಅದ, ಚೆಂದ ಇಲ್ಲ ಅನ್ನುವ ಮಾತು ಬೇಡ. ಅತಿ ಹೊಗಳಿದರೂ ಮಗು ಮುಂದಿನ ವಾರ ನಿಮಗೆ ಇಷ್ಟವಾಗುವುದನ್ನೇ ತೆಗೆಯುತ್ತದೆ. ಸೊಟ್ಟ, ಮಸುಕು, ಅರ್ಧ ಕತ್ತರಿಸಿದ್ದು ಎಲ್ಲದರ ಹಿಂದೆಯೂ ಒಂದು ಕಥೆ ಇರುತ್ತದೆ, ಮಗು ಹೇಳುತ್ತದೆ. ಮಸುಕಾದದ್ದು ಯಾಕೆ ಮಸುಕಾಯಿತು ಅಂತ ಮಗುವೇ ಕೇಳಿದ ದಿನ ಹೇಳಿಕೊಡಿ, ಅದು ತಲೆಯಲ್ಲಿ ಉಳಿಯುತ್ತದೆ.

ಐದು ಫೋಟೋ ಮಗುವೇ ಆರಿಸಲಿ. ಆ ಐದನ್ನು 4×6 ಅಳತೆಯಲ್ಲಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಪ್ರಿಂಟ್ ಹಾಕಿಸದಿದ್ದರೆ ಇಷ್ಟೆಲ್ಲ ಮಾಡಿ ಅರ್ಧ ಬಿಟ್ಟಂತೆ. ಕೈಯಲ್ಲಿ ಹಿಡಿದ ಕಾಗದಕ್ಕೆ ಮಗು ಕೊಡುವ ಬೆಲೆಯೇ ಬೇರೆ. ಉಳಿದವನ್ನು ತಿಂಗಳಿಗೊಮ್ಮೆ ಎರಡು ಕಡೆ ತೆಗೆದಿಡಿ, ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಬೇರೆ ಮಕ್ಕಳ ಮುಖವಿರುವ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಅವರ ಮನೆಯವರನ್ನು ನೀವು ಕೇಳಿಲ್ಲ. ಫೋನಿನಲ್ಲಿ ಫೋಟೋ ಜೊತೆ ಜಾಗದ ವಿವರ ಸೇರುವ ಲೊಕೇಶನ್ ಆಯ್ಕೆಯನ್ನೂ ಮುಚ್ಚಿಡಿ.

ಪ್ರಿಂಟಿನ ಹಿಂದೆ ಮಗು ತನ್ನ ಕೈಬರಹದಲ್ಲೇ ತಾರೀಖು, ಜಾಗ, ಒಂದು ಸಾಲು ಬರೆಯಲಿ. ಬಾಲ್‌ಪೆನ್ ಒತ್ತಿ ಬರೆದರೆ ಗುರುತು ಮುಂದಕ್ಕೆ ಏಳುತ್ತದೆ, ಮೆತ್ತನೆ ಪೆನ್ಸಿಲ್ ಒಳ್ಳೆಯದು. ಪೆನ್ಸಿಲ್ ಹಿಡಿಯದ ನುಣುಪು ಕಾಗದವಾದರೆ ಸಿಡಿ ಮೇಲೆ ಬರೆಯುವ ಮಾರ್ಕರ್ ಬಳಸಿ, ಒಣಗಿದ ಮೇಲೆ ಒಂದರ ಮೇಲೊಂದು ಇಡಿ. ಯಾರ ಫೋಟೋ ತೆಗೆದಿದೆಯೋ ಅವರಿಗೆ ಒಂದು ಪ್ರತಿ ಮಗುವೇ ಹೋಗಿ ಕೊಟ್ಟು ಬರಲಿ.

ಮಗಳು ಆ ಬಿದ್ರಿ ಅಂಗಡಿಗೆ ಹತ್ತು ದಿನ ಬಿಟ್ಟು ಪ್ರಿಂಟ್ ಹಿಡಿದು ಹೋದಳು. ಫೋಟೋದಲ್ಲಿ ಇದ್ದದ್ದು ಕರ್ರಗಾದ ಹೆಬ್ಬೆರಳ ಉಗುರು, ಅದರ ಪಕ್ಕ ಅರ್ಧ ಕೂತ ಬೆಳ್ಳಿ ತಂತಿ. ಚಾಚಾ ಕೈ ಒರೆಸಿಕೊಂಡು ಅದನ್ನು ಬಾಗಿಲ ಬೆಳಕಿಗೆ ಹಿಡಿದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ಹತ್ತಿರ ಕರೆದು ಉಳಿಯ ತುದಿಯಿಂದ ಒಂದು ಕಡೆ ತೋರಿಸಿದರು. "ಇಲ್ಲಿ ನೋಡು ಬೇಟಿ, ತಾರ ಸೊಟ್ಟ ಕೂತದ. ಕೆಲಸ ಮಾಡುವಾಗ ನಂಗ ಕಂಡೇ ಇದ್ದಿಲ್ಲ."

ಪ್ರಿಂಟನ್ನು ಅವರು ಉಳಿಗಳ ಡಬ್ಬಿಯ ಮುಚ್ಚಳದ ಒಳಗೆ ಸಿಕ್ಕಿಸಿಕೊಂಡರು. ತನ್ನ ಪ್ರತಿಯ ಹಿಂದೆ ಮಗಳು ಆ ಸಂಜೆ ಬರೆದದ್ದು: "ಚಾಚಾನ ಉಗುರು. ತಾರ ಸೊಟ್ಟ."